ಮೂತಿ ಇಲ್ಲದ ದೋಣಿ

ದಿವಾಳೆ, ಬೇಲಾಪುರ
11 ಮಾರ್ಚ್ 2025

ಅತ್ತೆಯವರಿಗೆ,

ಕಾಲಿಗೆ ಬಿದ್ದು ನಮಸ್ಕಾರ ಎಂದು ಮೊದಲು ಬರೆಯಬೇಕು. ನಿಮ್ಮ ಮನೆ ಬಿಟ್ಟು ಬರುವಾಗ ನಾನು ಬೀಳಲಿಲ್ಲ. ಈಗ ಕಾಗದದಲ್ಲಿ ಬಿದ್ದರೆ ನೀವೂ ನಂಬುವುದಿಲ್ಲ. ಆದ್ದರಿಂದ ಬಿಟ್ಟಿದ್ದೇನೆ.

ಫೋನು ಬೇಡ, ಬರೆದು ಕಳಿಸಲಿ ಎಂದು ನೀವು ನನ್ನ ಗೆಳತಿ ಸೋನಾಲಿಯ ಹತ್ತಿರ ಹೇಳಿದಿರಂತೆ. ನಿಮಗೆ ಕಿವಿ ಕೇಳುವುದಿಲ್ಲ, ನಾನು ಕಿರುಚಿದರೆ ಕೋಪರಿಯ ಚಾಳಿನವರಿಗೆಲ್ಲ ಕೇಳುತ್ತದೆ, ಕಾಗದದಲ್ಲಾದರೆ ಮೆಲ್ಲಗೆ ಬೈಯಬಹುದು ಎಂದಿರಂತೆ. ನೀವು ನಿಮ್ಮ ಮರಾಠಿಯಲ್ಲಿ ಅವಳಿಗೆ ಹೇಳಿ, ಅವಳು ತನ್ನ ಮರಾಠಿಯಲ್ಲಿ ನನಗೆ ಹೇಳಿ, ನನ್ನ ಹತ್ತಿರ ಬರುವಾಗ ಬೈಗಳು ಮಾತ್ರ ಉಳಿದಿತ್ತು. ನಾನೀಗ ಅವಳ ಮನೆಯ ಮಾಳಿಗೆಯಲ್ಲಿ ಇದ್ದೇನೆ. ಅವಳು ದಿನಾ ಥಾಣೆಗೆ ಕೆಲಸಕ್ಕೆ ಬರುತ್ತಾಳೆ. ಕಾಗದ ಅವಳ ಕೈಯಲ್ಲೇ ಬರುತ್ತದೆ, ಹೋಗುತ್ತದೆ.

ನೇರವಾಗಿ ಕೇಳುತ್ತೇನೆ. ಮಾವ ತೀರಿಕೊಂಡ ಮೇಲೆ ಅವರ ದೋಣಿ ಮೀಠ್ ಬಂದರಿನ ಕೆಸರಿನಲ್ಲಿ ತಾಡಪತ್ರಿ ಹೊದ್ದುಕೊಂಡು ಬಿದ್ದಿದೆ. ನೀವು ಮಾರುವುದೂ ಇಲ್ಲ, ನೀರಿಗೆ ಇಳಿಸುವುದೂ ಇಲ್ಲ. ಅದನ್ನು ನನಗೆ ಕೊಡಿ.

ಕೆಲಸ ಯಾವುದೆಂದು ನಿಮಗೆ ಗೊತ್ತು. ಆ ಕೆಲಸಕ್ಕೇ ನೀವು ನನ್ನನ್ನು ಹುಚ್ಚಿ ಎಂದದ್ದು. ನೆರೂಳಿನ ದಂತದ ಡಾಕ್ಟರು ಮತ್ತು ಅವರ ಸ್ನೇಹಿತರು ಸಮುದ್ರ ಒಳಗೆ ಬರುವ ಖಾಡಿಯ ಬಾಯಿಯಲ್ಲಿ ಫ್ಲೈ ರಾಡು ಎಂಬ ಗಾಳದ ಕೋಲಿನಿಂದ ಮೀನು ಹಿಡಿಯುತ್ತಾರೆ. ಅವರನ್ನು ಕರೆದುಕೊಂಡು ಹೋಗಿ, ಮೀನು ಎಲ್ಲಿದೆ ಎಂದು ತೋರಿಸಿ, ದೋಣಿಯನ್ನು ಗಾಳಿಗೆ ಸರಿಯಾಗಿ ಹಿಡಿದು ನಿಲ್ಲಿಸುವುದು ನನ್ನ ಕೆಲಸ. ಇಷ್ಟು ದಿನ ಸೋನಾಲಿಯ ಕಾಕಾನ ದೋಣಿ ಇತ್ತು. ಅವರು ಅದನ್ನು ಉರಣ ಊರಿನವರಿಗೆ ಮಾರಿದರು. ಹೊಸ ಹಂಗಾಮು ಶುರುವಾಗುವ ನೂಲಹುಣ್ಣಿಮೆಯ ಒಳಗೆ ನನಗೊಂದು ದೋಣಿ ಆಗದಿದ್ದರೆ ಡಾಕ್ಟರು ಬೇರೆಯವರ ಜೊತೆ ಹೋಗುತ್ತಾರೆ. ನಾನು ವಾಶಿಯಲ್ಲಿ ನಿಮ್ಮ ತಮ್ಮನ ಹೋಟೆಲಿನ ಗಲ್ಲದಲ್ಲಿ ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತ ಕೂರಬೇಕಾಗುತ್ತದೆ. ದಯಾನಂದ ಮಾವ ಆಗಲೇ ಎರಡು ಸಲ ಕೇಳಿದ್ದಾರೆ. ಗುರುತಿಲ್ಲದವರ ಮುಖ ನೋಡಿ ನಗಬೇಕಾದ ಕೆಲಸ ನನ್ನಿಂದ ಆಗುವುದಿಲ್ಲ. ಅದು ನಿಮಗೂ ಗೊತ್ತು. ಮದುವೆಯಲ್ಲೇ ನಾನು ನಗಲಿಲ್ಲ ಎಂದು ಇವತ್ತಿಗೂ ಹೇಳುತ್ತೀರಿ.

ನಿಮ್ಮ ಮಗನಿಗೂ ಬರೆದಿದ್ದೇನೆ. ಹಡಗಿನ ಅಡುಗೆಮನೆಯಿಂದ ಹೆಬ್ಬೆರಳು ಎತ್ತಿದ ಒಂದು ಚಿತ್ರ ಬಂತು. ಅದರ ಅರ್ಥ ನಿಮಗೆ ಗೊತ್ತಾದರೆ ತಿಳಿಸಿ.

ಪ್ರೇಕ್ಷಾ


ಕೋಪರಿ
16 ಮಾರ್ಚ್

ಪ್ರೇಕ್ಷಾಳಿಗೆ,

ನನಗೂ ಆ ಹೆಬ್ಬೆರಳೇ ಬಂದಿದೆ. ಅವನು ಚಿಕ್ಕವನಿದ್ದಾಗಲೂ ನಾನು ಒಂದು ಕಡೆ, ಅವನ ಅಪ್ಪ ಒಂದು ಕಡೆ ಎಳೆದರೆ ಮೇಜಿನ ಅಡಿಗೆ ಹೋಗುತ್ತಿದ್ದ. ಈಗ ಹಡಗು ಹತ್ತಿದ್ದಾನೆ, ಅಷ್ಟೇ ವ್ಯತ್ಯಾಸ.

ದೋಣಿ ಕೊಡುವುದಿಲ್ಲ.

ನಾನು ಥಾಣೆಯ ಮಾರ್ಕೆಟಿನಲ್ಲಿ ಮೀನು ಮಾರಿ ಮನೆ ನಡೆಸಿದವಳು. ನಿನ್ನ ಮಾವ ದೇವದಾಸ್ ಆ ದೋಣಿಯಲ್ಲಿ ತಂದ ಮೀನನ್ನು ತಕ್ಕಡಿಗೆ ಹಾಕಿದ್ದೇನೆ, ಹೆಚ್ಚಿದ್ದೇನೆ, ಉಳಿದದ್ದನ್ನು ಒಣಗಿಸಿದ್ದೇನೆ. ಹಿಡಿದ ಮೀನಿನ ಜೊತೆ ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುವ ಗಂಡಸರನ್ನು ನಾನು ನೋಡಿರಲಿಲ್ಲ. ಹೊಟ್ಟೆ ತುಂಬಿದವರ ಆಟ ಅದು. ಎಲೆಗೆ ಬಡಿಸಿ, ಉಣ್ಣಲು ಕೂತವರು ಕೈ ಹಾಕುವಾಗ ಎಲೆ ಎಳೆದ ಹಾಗೆ. ಆ ಆಟಕ್ಕೆ ನಿನ್ನ ಮಾವನ ದೋಣಿಯಾ?

ಮತ್ತೆ ನೀನು ಮನೆ ಬಿಟ್ಟದ್ದು ಆ ಕೆಲಸದಿಂದಲ್ಲ. ನೀನು ನನ್ನ ಮೆಣಸಿನ ಡಬ್ಬಿಯಲ್ಲಿ ಆಡಿನ ಬಾಲದ ಕೂದಲು ಇಟ್ಟಿದ್ದೆ. ಅದರ ಪಕ್ಕದ ಡಬ್ಬಿಯಲ್ಲಿ ಹುಂಜದ ಕುತ್ತಿಗೆಯ ಪುಕ್ಕ. ಅಂದು ಬಂಗುಡೆ ಸಾರು ತಿಂದ ನಮ್ಮ ಪಕ್ಕದ ಮನೆಯ ದ್ರೌಪದಿ ಬಾಯಿಂದ ಕೂದಲು ಎಳೆದು, "ಯಕ್ಕಾ, ಇದು ಮೀನೋ ಆಡೋ, ಯಾವುದರೆ ಒಂದು ಹೇಳು" ಎಂದಳು. ಕಲಬುರ್ಗಿಯ ಕಡೆಯವಳ ಮುಂದೆ ನಮ್ಮ ಅಡುಗೆಯ ಮಾನ ಹೋಯಿತು. ನಾನು ಅದನ್ನೆಲ್ಲ ಕಿಟಕಿಯಿಂದ ಬಿಸಾಡಿದೆ. ಸಾಧ್ಯವಾದರೆ ಮತ್ತೆ ಬಿಸಾಡುತ್ತೇನೆ.

ದಯಾನಂದನ ಹೋಟೆಲಿನಲ್ಲಿ ಏಸಿ ಉಂಟು. ಕೂತುಕೋ.

ಅಕ್ಕು


ದಿವಾಳೆ
24 ಮಾರ್ಚ್

ಅತ್ತೆಯವರಿಗೆ,

ನೀವು ಬಿಸಾಡಿದ್ದನ್ನು ಕೂಡಿಸಲು ನನಗೆ ಒಂದು ಚಳಿಗಾಲ ಹಿಡಿಯಿತು. ಹುಳ ತಿನ್ನಬಾರದೆಂದೇ ಮೆಣಸಿನ ಡಬ್ಬಿಯಲ್ಲಿ ಇಟ್ಟದ್ದು. ಆಡಿನ ಬಾಲದ ಕೂದಲು ಉದ್ದ, ನೇರ, ಬಿಳಿ ಇರಬೇಕು. ಮುಂಬ್ರಾದ ಕಟುಕರ ಅಂಗಡಿಗೆ ಹೋಗಿ ಬಾಯಿ ಬಿಟ್ಟು ಕೇಳಬೇಕು. ಅಂಗಡಿಯವನು, "ಬಾಲ? ಸಿರ್ಫ್ ಬಾಲ? ಗೋಷ್ತ್ ನಹೀ ಚಾಹಿಯೇ?" ಬರೀ ಬಾಲ ಸಾಕಾ, ಮಾಂಸ ಬೇಡವಾ ಎಂದು ಎಲ್ಲರ ಎದುರು ನಕ್ಕ. ನಾನು ಅಂಥ ಕಡೆ ನಿಂತು ಮಾತನಾಡಿದೆ ಎಂದರೆ ಅದು ನನಗೆ ಎಷ್ಟು ಬೇಕಾಗಿತ್ತು ಎಂದು ನಿಮಗೆ ತಿಳಿಯಬೇಕಿತ್ತು.

ಆಟ ಎಂದಿರಿ. ನೀವು ನೋಡಿಲ್ಲ, ಆದ್ದರಿಂದ ಬರೆಯುತ್ತೇನೆ. ಮಾಮೂಲು ಗಾಳದಲ್ಲಿ ತುದಿಗೆ ಸೀಸದ ಗುಂಡು ಇರುತ್ತದೆ, ಎಸೆದರೆ ಅದರ ಭಾರಕ್ಕೆ ದಾರ ಹೋಗುತ್ತದೆ. ಇದರಲ್ಲಿ ಗಾಳಕ್ಕೆ ಕಟ್ಟಿದ್ದು ಕೂದಲು, ಪುಕ್ಕ, ಅಷ್ಟೇ. ಅದಕ್ಕೆ ಭಾರವಿಲ್ಲ. ಭಾರ ಇರುವುದು ದಾರಕ್ಕೆ. ಆ ದಪ್ಪ ದಾರವನ್ನು ತಲೆಯ ಮೇಲೆ ಹಿಂದಕ್ಕೆ, ಮುಂದಕ್ಕೆ ಬೀಸಿ, ಬಿಚ್ಚಿಕೊಳ್ಳುವವರೆಗೆ ಕಾಯ್ದು, ಆಮೇಲೆ ಬಿಡಬೇಕು. ನನ್ನ ಅಪ್ಪ ಹೆಜಮಾಡಿಯಲ್ಲಿ ಬೀಸುಬಲೆ ಬೀಸುವುದನ್ನು ನೋಡಿ ಬೆಳೆದವಳು ನಾನು. ಡಾಕ್ಟರು ಒಂದು ದಿನ ರಾಡು ಕೈಗೆ ಕೊಟ್ಟಾಗ ನನ್ನ ಕೈ ದಾರಕ್ಕಾಗಿ ಕಾಯಿತು. ಅವರ ಸ್ನೇಹಿತರ ಕೈಗಳು ಇವತ್ತಿಗೂ ಕಾಯುವುದಿಲ್ಲ.

ಗಾಳಿ ಕಡಿಮೆ ಇರುವ ದಿನಕ್ಕೆ ಎಂಟನೇ ನಂಬರಿನ ರಾಡು. ಖಾಡಿಯ ಕೆಸರಿನಲ್ಲಿ ಬೆಳೆಯುವ ಕಾಂದಳ ಗಿಡಗಳ ಬೇರಿನಿಂದ ದೊಡ್ಡ ಮೀನನ್ನು ಎಳೆಯಬೇಕಾದರೆ ಹತ್ತನೆಯದು. ದಾರ ಸುತ್ತುವ ರೀಲು ಉಪ್ಪುನೀರು ಒಳಗೆ ಹೋಗದಂತೆ ಮುಚ್ಚಿರಬೇಕು, ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಬೇಕು. ನೀವು ನನ್ನ ರೀಲನ್ನು ಸಾಬೂನು ನೀರಿನ ಬಾಲ್ದಿಗೆ ಹಾಕಿದಿರಿ. ತೊಳೆದದ್ದಲ್ಲ, ಕೊಂದದ್ದು.

ದೋಣಿ ಕೊಡುವುದಿಲ್ಲ ಎಂದರೆ ಕೊಡಬೇಡಿ. ತಾಡಪತ್ರಿಯ ಅಡಿಯಲ್ಲಿ ಹೆಗ್ಗಣ ಮರಿ ಹಾಕಿದೆ ಎಂದು ಸೋನಾಲಿ ಹೇಳಿದಳು. ಅವುಗಳಿಗಾದರೂ ಕೊಟ್ಟಿರಲ್ಲ.

ಪ್ರೇಕ್ಷಾ


ಕೋಪರಿ
2 ಏಪ್ರಿಲ್

ಪ್ರೇಕ್ಷಾಳಿಗೆ,

ಹೆಗ್ಗಣದ ಮಾತು ನಿಜ. ದ್ರೌಪದಿಯನ್ನು ಕರೆದುಕೊಂಡು ಹೋಗಿ ನೋಡಿದೆ. ಅವಳು ಕೋಲು ಹಿಡಿದು ಮುಂದೆ, ನಾನು ಹಿಂದೆ. "ಯಕ್ಕಾ, ನಿನ್ನ ಸೊಸಿ ಭಾಳ ಶ್ಯಾಣ್ಯಾ ಇದ್ದಾಳ. ಇಲಿ ಹೆಸರು ಹೇಳಿ ನಿನ್ನ ದಂಡಿಗೆ ತಂದಳು ನೋಡು" ಎಂದಳು. ನಿನ್ನ ಪರವಾಗಿ ಮಾತನಾಡಿದ್ದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ದೋಣಿ ತೆಗೆದುಕೊಂಡು ಹೋಗು. ನಿನಗೆ ಕೊಟ್ಟದ್ದಲ್ಲ. ಹೆಗ್ಗಣಕ್ಕೆ ಕೊಡುವುದಿಲ್ಲ ಎಂದು ಹೊರಗೆ ಹಾಕಿದ್ದು. ಒಂದು ಮೊಳೆಯನ್ನೂ ತೆಗೆಯಬಾರದು, ಒಂದು ಹಲಗೆಯನ್ನೂ ಕೊಯ್ಯಬಾರದು.

ನೀನು ಇಷ್ಟೆಲ್ಲ ದಾರದ ಪುರಾಣ ಬರೆದೆ. ಜಿತಾಡ ಮೀನಿನ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ ಇರುತ್ತದೆ, ಅದು ನಿನ್ನ ಡಾಕ್ಟರಿಗೆ ಗೊತ್ತುಂಟಾ? ನನ್ನ ಎಡಗೈಯಲ್ಲಿ ಅದರ ಗುರುತು ಇನ್ನೂ ಉಂಟು. ನಿನ್ನ ಚಂದದ ದಾರ ಒಂದೇ ಸಲಕ್ಕೆ ಕತ್ತರಿಸಿ ಹೋಗುತ್ತದೆ. ಆಮೇಲೆ ಮೀನಿನ ಬಾಯಲ್ಲಿ ನನ್ನ ಮೆಣಸಿನ ಡಬ್ಬಿಯ ಕೂದಲು.

ಅಕ್ಕು


ದಿವಾಳೆ
29 ಏಪ್ರಿಲ್

ಅತ್ತೆಯವರಿಗೆ,

ಕಿವಿರಿನ ವಿಷಯ ನನಗೆ ಗೊತ್ತಿತ್ತು. ದಾರದ ತುದಿಯಲ್ಲಿ ಒಂದು ಮೊಳದಷ್ಟು ದಪ್ಪ ನೈಲಾನು ಕಟ್ಟುತ್ತೇವೆ, ಅದು ಕತ್ತರಿಸುವುದಿಲ್ಲ. ನೀವು ಹೇಳದಿದ್ದರೂ ನಡೆಯುತ್ತಿತ್ತು.

ಸೋನಾಲಿಯ ಅಣ್ಣ ದೋಣಿಯನ್ನು ಎಳೆದು ತಂದ. ಐರೋಲಿ ಸೇತುವೆ, ವಾಶಿ ಸೇತುವೆ ದಾಟಿ ಬರುವಾಗ ಒಂದು ಹನಿ ನೀರೂ ಒಳಗೆ ಬರಲಿಲ್ಲ. ಮಾವ ಚೆನ್ನಾಗಿ ಇಟ್ಟಿದ್ದರು. ಇಷ್ಟನ್ನು ಹೊಗಳಿಕೆ ಎಂದು ತೆಗೆದುಕೊಳ್ಳುವುದಾದರೆ ಅದು ಅವರಿಗೆ, ನಿಮಗಲ್ಲ.

ತೊಂದರೆ ಮೂತಿಯದು. ದೋಣಿಯ ಮುಂದಿನ ತುದಿಯಲ್ಲಿ ಎದ್ದು ನಿಂತ ಆ ಮರದ ತುಂಡು ಬಲೆಯ ಹಗ್ಗ ಸುತ್ತುವುದಕ್ಕೆ ಒಳ್ಳೆಯದು. ನಮಗೆ ಅದೇ ಶನಿ. ರಾಡು ಹಿಡಿದವರು ಮುಂದೆಯೇ ನಿಲ್ಲಬೇಕು. ಬೀಸುವ ಮೊದಲು ಎಳೆದಿಟ್ಟ ದಾರ ಅವರ ಕಾಲಿನ ಹತ್ತಿರ ಸುರುಳಿಯಾಗಿ ಬಿದ್ದಿರುತ್ತದೆ. ಬಿಟ್ಟ ಕೂಡಲೇ ಅದು ಓಡಬೇಕು. ಓಡುವಾಗ ಮೂತಿಗೆ ಸಿಕ್ಕಿಕೊಳ್ಳುತ್ತದೆ. ಮೊದಲ ದಿನವೇ ಡಾಕ್ಟರ ಸ್ನೇಹಿತರೊಬ್ಬರ ದಾರ ಸಿಕ್ಕಿಕೊಂಡು, ಗಾಳ ತಿರುಗಿ ಬಂದು ಅವರ ಕಿವಿಗೆ ಚುಚ್ಚಿತು. ಡಾಕ್ಟರೇ ತೆಗೆದರು. "ನಾನು ಹಲ್ಲಿನ ಡಾಕ್ಟರು, ಕಿವಿಗೆ ಬೇರೆ ಬಿಲ್ಲು" ಎಂದು ನಗಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಈ ದೋಣಿ ಹೀಗೇ ಇದ್ದರೆ ಆಗುವುದಿಲ್ಲ ಎಂದರು. ಆಗ ನಗಲಿಲ್ಲ.

ಬಟ್ಟೆ ಸುತ್ತಿ ನೋಡಿದೆ, ಬಲೆ ಮುಚ್ಚಿ ನೋಡಿದೆ, ಬಾಲ್ದಿ ಬೋರಲು ಹಾಕಿ ನೋಡಿದೆ. ಆಗುವುದಿಲ್ಲ. ಮೂತಿ ಕೊಯ್ದು ಅಲ್ಲಿ ಒಂದು ಚಪ್ಪಟೆ ಹಲಗೆ ಹಾಕಬೇಕು. ಕೇಳದೆ ಮಾಡಿದೆ ಎಂದು ನೀವು ಹೇಳಬಾರದು, ಅದಕ್ಕೇ ಕೇಳುತ್ತಿದ್ದೇನೆ.

ಪ್ರೇಕ್ಷಾ


ಕೋಪರಿ
4 ಮೇ

ಪ್ರೇಕ್ಷಾಳಿಗೆ,

ಆ ಮೂತಿಗೆ ನಾನು ಪ್ರತಿ ನೂಲಹುಣ್ಣಿಮೆಗೆ ಕುಂಕುಮ ಹಚ್ಚಿದ್ದೇನೆ, ಹೂವು ಮುಡಿಸಿದ್ದೇನೆ. ಮನೆಯ ಹೆಂಗಸು ದೋಣಿಯ ಮುಖ ತೊಳೆದ ಮೇಲೆಯೇ ಗಂಡಸು ಅದನ್ನು ನೀರಿಗೆ ದೂಡುವುದು. ದೋಣಿಗೆ ಮೂತಿ ಅಂದರೆ ಮನುಷ್ಯನಿಗೆ ಮೂಗು. ಕಿವಿಗೆ ಗಾಳ ಚುಚ್ಚಿಸಿಕೊಂಡವನಿಗೆ ಕಿವಿ ಎಲ್ಲಿಡಬೇಕೆಂದು ಕಲಿಸು.

ಮೂತಿ ಮುಟ್ಟಿದರೆ ದೋಣಿ ವಾಪಸು. ಮುಗಿಯಿತು.

ಅಕ್ಕು


ದಿವಾಳೆ
19 ಮೇ

ಅತ್ತೆಯವರಿಗೆ,

ಕೊಯ್ದೆ.

ನಿಮಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಬರೆಯಬೇಕು. ಗರಗಸ ಸೋನಾಲಿಯ ಅಣ್ಣನದು, ಕೈ ನನ್ನದು. ಅವನು ಹಿಡಿಯಲು ಒಪ್ಪಲಿಲ್ಲ. "ತುಝಿ ಸಾಸು ಮಲಾ ಕಾಪೇಲ್," ನಿನ್ನ ಅತ್ತೆ ನನ್ನನ್ನೇ ಕತ್ತರಿಸುತ್ತಾಳೆ ಎಂದು ದೂರ ಹೋಗಿ ನಿಂತ. ನಿಮ್ಮ ಹೆಸರು ದಿವಾಳೆಯವರೆಗೂ ಬಂದಿದೆ.

ಹಲಗೆ ಸಮವಾಗಿ ಕೂರಬೇಕೆಂದು ಒಂದು ಗೇಣು ಕೆಳಗಿನವರೆಗೆ ಕೊಯ್ದೆ. ಹಲಗೆ ಚೆನ್ನಾಗಿ ಕೂತಿತು. ದಡದ ಹತ್ತಿರ ನಿಂತು ಬೀಸಿದೆ. ದಾರ ಎಲ್ಲೂ ಸಿಗದೆ, ಸದ್ದಿಲ್ಲದೆ ಹೋಯಿತು. ನಾನು ನನ್ನಷ್ಟಕ್ಕೇ ನಕ್ಕೆ. ನೀವು ನೋಡಬೇಕಾಗಿದ್ದ ನಗು ಅದು.

ಮೂರನೇ ಸಲ ಹೊರಗೆ ಹೋದಾಗ ಅಲೆ ಮುಂದಿನಿಂದ ಬಡಿಯಿತು. ಮುಂದಿನ ಹಲಗೆಗಳು ಬಾಯಿ ಬಿಟ್ಟವು. ನೀರು ಸೋರಿದ್ದಲ್ಲ, ನುಗ್ಗಿತು. ಡಾಕ್ಟರು ತಮ್ಮ ಟೋಪಿಯಲ್ಲಿ ನೀರು ಮೊಗೆದರು. ಯಾರಿಗೂ ಏನೂ ಆಗಲಿಲ್ಲ. ದೋಣಿ ಈಗ ದಡದಲ್ಲಿದೆ. ಡಾಕ್ಟರು ಸಿಟ್ಟು ಮಾಡಲಿಲ್ಲ. "ದೋಣಿ ಆದಾಗ ಹೇಳು ಪ್ರೇಕ್ಷಾ" ಎಂದು ಹೋದರು. ಆಮೇಲೆ ಫೋನು ಬಂದಿಲ್ಲ.

ಪ್ರೇಕ್ಷಾ


ಕೋಪರಿ
23 ಮೇ

ಮೂತಿ ಕೊಯ್ದವಳಿಗೆ,

ಅದು ಕುಂಕುಮದ ಜಾಗ ಮಾತ್ರ ಎಂದು ತಿಳಿದೆಯಾ? ಎರಡು ಬದಿಯ ಹಲಗೆಗಳು ಬಂದು ಕಚ್ಚಿಕೊಳ್ಳುವುದು ಆ ಮರವನ್ನೇ. ಮೇಲಿನ ಮೊಳೆಗಳು ಅದರಲ್ಲೇ ಇರುವುದು. ನಾಲ್ಕು ಬೆರಳಿನಷ್ಟು ಕೊಯ್ದಿದ್ದರೆ ಏನೂ ಆಗುತ್ತಿರಲಿಲ್ಲ. ನೀನು ಒಂದು ಗೇಣು ಕೊಯ್ದೆ. ಮೊಳೆ ಸಮೇತ ಕೊಯ್ದೆ. ಮೊಗವೀರರ ಮನೆಯಲ್ಲಿ ಹುಟ್ಟಿ, ಮೊಗವೀರರ ಮನೆ ಸೇರಿ, ದೋಣಿಯ ಮುಖ ಎಲ್ಲಿಗೆ ಮುಗಿಯುತ್ತದೆ, ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂದು ನಿನಗೆ ಗೊತ್ತಿಲ್ಲ.

ದಯಾನಂದನಿಗೆ ಫೋನು ಮಾಡಿಸಿದೆ. ಅವನ ಹೋಟೆಲಿನ ಬಾಗಿಲಲ್ಲಿ ಹಳೆಯ ದೋಣಿಯೊಂದನ್ನು ಇಟ್ಟು, ಅದರಲ್ಲಿ ಐಸು ತುಂಬಿ, ಮೇಲೆ ಪಾಂಪ್ಲೆಟು, ಸಿಗಡಿ ಜೋಡಿಸಬೇಕೆಂದು ಅವನಿಗೆ ಬಹಳ ದಿನದ ಆಸೆ. ಗಿರಾಕಿ ಬೆರಳು ತೋರಿಸಿದ ಮೀನನ್ನು ಎತ್ತಿ ಒಳಗೆ ಕಳಿಸುತ್ತಾರಂತೆ. ನಾನು ಇಷ್ಟು ವರ್ಷ ಆಗುವುದಿಲ್ಲ ಎಂದಿದ್ದೆ. ಈಗ ಹೂಂ ಎಂದೆ. ಟೆಂಪೋ ಸೋಮವಾರ ಬರುತ್ತದೆ. ಅಡ್ಡ ನಿಲ್ಲಬೇಡ.

ಐಸಿನ ನೀರು ಸೋರಿದರೆ ಯಾರೂ ಮುಳುಗುವುದಿಲ್ಲ.

ಅಕ್ಕು


ವಾಶಿ
14 ಆಗಸ್ಟ್

ಅತ್ತೆಯವರಿಗೆ,

ಅಡ್ಡ ನಿಲ್ಲಲಿಲ್ಲ, ಸರಿಯಾ? ದೋಣಿಯನ್ನು ಟೆಂಪೋಗೆ ನಾನೇ ಕೈ ಹಾಕಿ ಏರಿಸಿದೆ.

ನೂಲಹುಣ್ಣಿಮೆ ಹೋಯಿತು. ಹಿಂದಿನ ತಿಂಗಳಿಂದ ನಾನು ದಯಾನಂದ ಮಾವನ ಗಲ್ಲದಲ್ಲಿ ಇದ್ದೇನೆ. ಡಾಕ್ಟರು ಉರಣದವರ ಜೊತೆ ಹೋಗುತ್ತಿದ್ದಾರೆ ಎಂದು ಸೋನಾಲಿ ಹೇಳಿದಳು. ನೀವು ಬಯಸಿದ್ದೆಲ್ಲ ಆಗಿದೆ. ಸಿಹಿ ಮಾಡಿ ತಿನ್ನಿ.

ಗಲ್ಲದಿಂದ ತಲೆ ಎತ್ತಿದರೆ ಎದುರಿಗೆ ದೋಣಿ. ಕೊಯ್ದ ಭಾಗ ಬಾಗಿಲಿನ ಕಡೆಗೆ ಇದೆ. ಅದು ಕಾಣಬಾರದೆಂದು ಮಾವ ಪ್ಲಾಸ್ಟಿಕ್ ತಾವರೆಯ ಮಾಲೆ ಸುತ್ತಿದ್ದಾರೆ. ಮಕ್ಕಳು ಐಸು ಕದ್ದು ತಿನ್ನುತ್ತಾರೆ. ಒಬ್ಬ ಹೆಂಗಸು ಸೆಲ್ಫಿ ತೆಗೆಯುತ್ತ, "ಕಿತನಾ ಕ್ಯೂಟ್ ಹೈ, ಅಸಲೀ ಹೈ ಕ್ಯಾ?" ಇದು ನಿಜವಾದ ದೋಣಿಯಾ ಎಂದು ನನ್ನನ್ನು ಕೇಳಿದಳು. ಹೌದು ಎಂದೆ. ನಗಲಿಲ್ಲ. ಮಾವ ಒಳಗಿನಿಂದ ನೋಡಿ ಬಂದು, "ನಗಾಡಿದ್ರೆ ನಿನ್ನ ಗಂಟು ಎಂತ ಹೋಗ್ತದೆ ಮಾರಾಯ್ತಿ? ಗಿರಾಕಿಗಳು ಬಿಲ್ಲು ಕೊಡ್ಲಿಕ್ಕೆ ಬರುದಾ, ಸತ್ತವರ ಬೊಜ್ಜಕ್ಕೆ ಬರುದಾ?" ಎಂದರು.

ಒಂದು ಮಾತು ಕೇಳಬೇಕು. ಮೇ ನಾಲ್ಕರ ನಿಮ್ಮ ಕಾಗದ ನನ್ನ ಹತ್ತಿರ ಇದೆ. ಅದರಲ್ಲಿ ಕುಂಕುಮ ಉಂಟು, ಹೂವು ಉಂಟು, ಮೂಗು ಉಂಟು. ಹಲಗೆಗಳು ಕಚ್ಚಿಕೊಳ್ಳುವ ಮಾತು ಇಲ್ಲ, ಮೊಳೆಯ ಮಾತು ಇಲ್ಲ, ನಾಲ್ಕು ಬೆರಳಿನ ಮಾತು ಇಲ್ಲ. ನಿಮಗೆ ಗೊತ್ತಿತ್ತು. ನಾನು ಕೊಯ್ಯುತ್ತೇನೆ ಎಂದೂ ಗೊತ್ತಿತ್ತು. ಒಂದು ಸಾಲು ಬರೆಯಲು ನಿಮಗೆ ಶಾಯಿ ಸಾಲಲಿಲ್ಲವೇ?

ದೋಣಿಯಲ್ಲಿ ಆ ದಿನ ಜನ ಇದ್ದರು, ಅತ್ತೆ.

ಪ್ರೇಕ್ಷಾ


ಕೋಪರಿ
30 ಆಗಸ್ಟ್

ಪ್ರೇಕ್ಷಾಳಿಗೆ,

ಮೊನ್ನೆ ವಾಶಿಗೆ ಬಂದಿದ್ದೆ. ನೀನು ನೋಡಲಿಲ್ಲ, ನೋಟು ಎಣಿಸುತ್ತಿದ್ದೆ. ನಾನು ಹೊರಗೆ ಪಾನಿನ ಅಂಗಡಿಯ ಹತ್ತಿರ ನಿಂತು ನೋಡಿದೆ.

ದೋಣಿಯ ಒಳಗೆ ಇಟ್ಟ ಬಂಗುಡೆ ಹಳತು. ಕಣ್ಣು ಒಳಗೆ ಹೋಗಿದೆ. ದಯಾನಂದನಿಗೆ ಹೇಳು.

ನೀನು ಗಲ್ಲದಲ್ಲಿ ಕೂತದ್ದನ್ನು ನೋಡಿ ನನಗೆ ಸಂತೋಷ ಆಗಬೇಕಾಗಿತ್ತು. ಹಾಗೆಂದೇ ರೈಲು ಹತ್ತಿ ಬಂದದ್ದು. ನಿನ್ನ ಕುತ್ತಿಗೆ ಹೆಗಲಿನ ಒಳಗೆ ಹೋಗಿತ್ತು. ಗಿರಾಕಿ ಬಂದಾಗಲೆಲ್ಲ ಇನ್ನೂ ಒಳಗೆ ಹೋಗುತ್ತಿತ್ತು. ಮಾರ್ಕೆಟಿನಲ್ಲಿ ನಾನು ಆಮೆ ಮಾರಿದವಳಲ್ಲ. ನೋಡಲಿಕ್ಕೆ ಆಗಲಿಲ್ಲ, ವಾಪಸು ಬಂದೆ.

ಶಾಯಿ ಇತ್ತು. ಸಿಟ್ಟೂ ಇತ್ತು. ಬರೆದರೆ ನೀನು ನಾಲ್ಕು ಬೆರಳು ಕೊಯ್ಯುತ್ತಿದ್ದೆ. ನನಗೆ ಒಂದು ಬೆರಳೂ ಕೊಯ್ಯುವುದು ಬೇಡವಾಗಿತ್ತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಕೇಳಬೇಡ.

ನಾನು ಕೇಳುವುದಕ್ಕೆ ಉತ್ತರ ಕೊಡು. ನಿನ್ನ ಆಟಕ್ಕೆ ದೋಣಿ ಹೇಗಿರಬೇಕು? ತಳ ಚಪ್ಪಟೆಯಾ, ಚೂಪಾ? ಬದಿ ಎಷ್ಟು ಎತ್ತರ? ಇಂಜಿನು ಯಾವುದು?

ಅಕ್ಕು


ವಾಶಿ
6 ಸೆಪ್ಟೆಂಬರ್

ಅತ್ತೆಯವರಿಗೆ,

ಬಂಗುಡೆಯ ವಿಷಯ ಮಾವನಿಗೆ ಹೇಳಿದೆ. ಅಕ್ಕನಿಗೆ ಕಿವಿ ಹೋಯಿತು, ಕಣ್ಣು ಹೋಗಲಿಲ್ಲ ಎಂದರು.

ದೋಣಿಯ ಪ್ರಶ್ನೆ ಯಾಕೆ? ಇನ್ನೊಂದನ್ನು ಯಾವ ಹೋಟೆಲಿಗೆ ಕೊಡುತ್ತೀರಿ? ಸುಮ್ಮನೆ ತಿಳಿದುಕೊಂಡು ನಗಬೇಕೆಂದಿದ್ದರೆ ನಗಿ.

ತಳ ಚಪ್ಪಟೆ ಇರಬೇಕು. ಇಳಿತದ ಹೊತ್ತಿಗೆ ಕೆಸರಿನ ಮೇಲೆ ಮೊಣಕಾಲು ನೀರಿನಲ್ಲಿ ಹೋಗಬೇಕು. ಚೂಪು ತಳದ್ದು ಅಲೆಗೆ ಒಳ್ಳೆಯದು, ಆದರೆ ಕೆಸರಿನಲ್ಲಿ ಕೂತುಬಿಡುತ್ತದೆ. ಬದಿ ತಗ್ಗಿರಬೇಕು, ಇಲ್ಲದಿದ್ದರೆ ಗಾಳಿ ಹಿಡಿದು ದೋಣಿ ತಿರುಗುತ್ತದೆ. ತಳದಲ್ಲಿ ಸದ್ದು ಆಗಬಾರದು, ಜಿತಾಡ ಹೆದರುತ್ತದೆ. ಇಂಜಿನು ಚಿಕ್ಕದು ಸಾಕು, ಮೀನಿನ ಹತ್ತಿರ ಬಂದ ಮೇಲೆ ಅದನ್ನು ಎತ್ತಿ ಉದ್ದ ಬಿದಿರಿನ ಜಲ್ಲೆಯಿಂದ ದೂಡುತ್ತೇವೆ. ಎಲ್ಲಕ್ಕಿಂತ ಮೊದಲು, ಮುಂದೆ ನಿಲ್ಲುವ ಜಾಗದಲ್ಲಿ ಮೊಳೆ, ಕೊಕ್ಕೆ, ಗೂಟ, ಬಿರುಕು ಯಾವುದೂ ಇರಬಾರದು. ನೋಡಿದರೆ ಗೊತ್ತಾಗುವುದಿಲ್ಲ. ದಾರಕ್ಕೆ ಗೊತ್ತಾಗುತ್ತದೆ.

ಇದನ್ನು ಬರೆಯುತ್ತಿದ್ದಾಗ ಬಿಲ್ಲು ತಪ್ಪಿದೆ. ಮಾವ ಬೈದರು. ಅದೂ ನಿಮ್ಮ ಲೆಕ್ಕಕ್ಕೇ.

ಪ್ರೇಕ್ಷಾ


ಕೋಪರಿ
26 ಅಕ್ಟೋಬರ್

ಪ್ರೇಕ್ಷಾಳಿಗೆ,

ಬುಧವಾರ ಭರತದ ನೀರು ಏರುವ ಹೊತ್ತಿಗೆ ದಿವಾಳೆಯ ದಡದಲ್ಲಿ ಇರು. ದೋಣಿ ಬರುತ್ತದೆ.

ನಿನ್ನ ಮಾವನ ದೋಣಿಗೆ ಏನು ಕೊಡಲಿ ಎಂದು ದಯಾನಂದ ಹಿಂದೆಯೇ ಕೇಳಿದ್ದ. ನನಗೆ ನೋಟು ಬೇಡ, ದೋಣಿಗೆ ದೋಣಿ ಕೊಡು, ಆರಿಸುವುದು ನಾನು ಎಂದಿದ್ದೆ. ಅವನು ನಕ್ಕ. ನಾನು ನಗಲಿಲ್ಲ. ಆಗ ಅದು ಯಾರಿಗೆ ಎಂದು ಅವನಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಗಣಪತಿ ಹೋದ ಮೇಲೆ ದ್ರೌಪದಿಯ ಜೊತೆ ಸುತ್ತಿದೆ. ಐರೋಲಿ ನೋಡಿದೆ, ಸಾರಸೋಳೆ ನೋಡಿದೆ, ಕಡೆಗೆ ಪನ್ವೇಲಿನ ಖಾಡಿಯವರೆಗೆ ಹೋದೆವು. ಎಲ್ಲ ಫೈಬರು. ಒಂದರ ತಳ ತಟ್ಟಿದರೆ ಎಣ್ಣೆ ಡಬ್ಬದ ಸದ್ದು, ಇನ್ನೊಂದರ ಬದಿ ನನ್ನ ಎದೆಯವರೆಗೆ. ಮಾರುವವರು ನನ್ನ ಸೀರೆ ನೋಡಿ, ಮೀನು ಹೊರುವುದಕ್ಕೆ ಎಂದು ತಿಳಿದು, ಎಷ್ಟು ಬುಟ್ಟಿ ಹಿಡಿಯುತ್ತದೆ ಎಂದು ಹೇಳತೊಡಗುತ್ತಿದ್ದರು. ಒಂದು ಬುಟ್ಟಿಯೂ ಬೇಡ ಎಂದರೆ ದ್ರೌಪದಿಯ ಮುಖ ನೋಡುತ್ತಿದ್ದರು. ಅವಳು, "ಹಿಡಿದ ಮೀನ ಬಿಡ್ತಾರಂತ್ರೀ ಇವರು" ಎಂದು ಕನ್ನಡದಲ್ಲೇ ಹೇಳಿ ಹಣೆ ತಟ್ಟಿಕೊಳ್ಳುತ್ತಿದ್ದಳು. ಅದು ಎಲ್ಲರಿಗೂ ಅರ್ಥವಾಗುತ್ತಿತ್ತು.

ನೋಡಿದರೆ ಗೊತ್ತಾಗುವುದಿಲ್ಲ ಎಂದು ನೀನು ಬರೆದದ್ದು ಸರಿ. ನನ್ನ ಹತ್ತಿರ ನಿನ್ನ ದಾರ ಇಲ್ಲ. ಹಳೆಯ ನೈಲಾನು ಸೀರೆ ಉಟ್ಟು ಹೋಗುತ್ತಿದ್ದೆ, ಯಾವುದಕ್ಕೂ ಸಿಕ್ಕಿಕೊಳ್ಳುವ ಜಾತಿಯದು. ದೋಣಿ ಹತ್ತಿ ಸೆರಗು ಬಿಚ್ಚಿ ಮುಂದಿನ ಹಲಗೆಯ ಮೇಲೆ ಹರಡಿ, ತುದಿ ಹಿಡಿದು ಬರಬರನೆ ಎಳೆಯುತ್ತಿದ್ದೆ. ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ. ಎಲ್ಲಾದರೂ ಸಿಕ್ಕಿದರೆ ಆ ದೋಣಿ ಬೇಡ. ದಡದಲ್ಲಿದ್ದ ಗಂಡಸರು ಕೆಲಸ ಬಿಟ್ಟು ನೋಡುತ್ತಿದ್ದರು. ದ್ರೌಪದಿ, "ಯಕ್ಕಾ, ಈ ವಯಸ್ಸಿನಾಗ ಸೆರಗ ಬಿಚ್ಚಿ ಊರೂರು ತಿರಗತಿ, ನಿನ್ನ ಮಗ ಹಡಗ ಬಿಟ್ಟು ಓಡಿ ಬರ್ತಾನ ನೋಡು" ಎಂದಳು. ಬರಲಿ. ಇಲ್ಲಿಯವರೆಗೆ ಹೆಬ್ಬೆರಳೇ ಬಂದಿದೆ.

ಸೀರೆ ಮೂರು ಕಡೆ ಹರಿಯಿತು. ಪನ್ವೇಲಿನದರಲ್ಲಿ ಹರಿಯಲಿಲ್ಲ. ತಳ ಚಪ್ಪಟೆ, ತಟ್ಟಿದರೆ ಮಂದ ಸದ್ದು, ಬದಿ ಮೊಣಕಾಲಿಗೆ. ಬಣ್ಣ ಬಹಳ ಕೆಟ್ಟದು. ಮೂತಿ ಅಂತೂ ಇಲ್ಲವೇ ಇಲ್ಲ, ಮುಚ್ಚಳ ಮುರಿದ ಪೆಟ್ಟಿಗೆಯ ಹಾಗೆ ಇದೆ. ಕುಂಕುಮ ಎಲ್ಲಿ ಹಚ್ಚುವುದೆಂದು ಸುತ್ತಲೂ ನೋಡಿದೆ. ಜಾಗ ಸಿಗಲಿಲ್ಲ. ಹಚ್ಚಲಿಲ್ಲ.

ನೀನು ಮಾಡಿದ್ದು ತಪ್ಪೇ. ಜಗಳ ಮುಗಿಯಿತು ಎಂದು ತಿಳಿದು ಮನೆಗೆ ಬರಬೇಡ. ಮೆಣಸಿನ ಡಬ್ಬಿಗೆ ಈಗ ಬೀಗ ಉಂಟು.

ಅಕ್ಕು


ದಿವಾಳೆ
12 ನವೆಂಬರ್

ಅತ್ತೆಯವರಿಗೆ,

ದೋಣಿ ಬಂತು. ಬಣ್ಣ ನೀವು ಬರೆದದ್ದಕ್ಕಿಂತಲೂ ಕೆಟ್ಟದಾಗಿದೆ.

ಹಿಂದುಗಡೆ ಎಡಬದಿಯಲ್ಲಿ ಒಂದು ಬೋಲ್ಟು ತಲೆ ಎತ್ತಿದೆ. ನಿಮ್ಮ ಸೆರಗು ಅಲ್ಲಿಯವರೆಗೆ ಹೋಗಿರಲಿಕ್ಕಿಲ್ಲ. ನನ್ನ ದಾರ ಮೊದಲ ದಿನವೇ ಅದನ್ನು ಹುಡುಕಿತು. ಟೇಪು ಸುತ್ತಿದ್ದೇನೆ. ಮುಂದಿನ ಹಲಗೆಯಲ್ಲಿ ಮಾತ್ರ ಏನೂ ಇಲ್ಲ. ಎಷ್ಟು ಬೀಸಿದರೂ ಏನೂ ಇಲ್ಲ. ಆ ಸೀರೆ ಯಾವುದೆಂದು ನನಗೆ ಗೊತ್ತು, ನೇರಳೆ ಬಣ್ಣದ್ದು. ನಿಮಗೆ ಅದು ಒಪ್ಪುತ್ತಿರಲಿಲ್ಲ. ಹರಿದದ್ದು ಒಳ್ಳೆಯದಾಯಿತು.

ಸೋಮವಾರ ನನಗೆ ರಜೆ. ಡಾಕ್ಟರಿಗೆ ಫೋನು ಮಾಡಿದೆ, ಬಂದರು. ಇಳಿತ ಶುರುವಾದ ಮೇಲೆ ಕಾಂದಳದ ಅಂಚಿನಲ್ಲಿ ಇಂಜಿನು ಎತ್ತಿ, ಜಲ್ಲೆ ಹಾಕಿ ದೂಡಿಕೊಂಡು ಹೋದೆ. ದೋಣಿ ಕೆಸರಿನ ಮೇಲೆ ಸದ್ದಿಲ್ಲದೆ ಜಾರಿತು. ಸಣ್ಣ ಮೀನುಗಳು ಹಾರುವುದು ಕಂಡಿತು, ಅಲ್ಲಿ ಎಂದು ತೋರಿಸಿದೆ. ಅವರು ಬೀಸಿದರು. ಜಿತಾಡ ಗಾಳ ಹಿಡಿಯಿತು. ನೀವು ಮಾರ್ಕೆಟಿನಲ್ಲಿ ಯಾರಿಗೂ ತೋರಿಸದೆ ಬುಟ್ಟಿಯ ಅಡಿಯಲ್ಲಿ ಇಟ್ಟು, ಗುರುತಿನ ಗಿರಾಕಿಗೆ ಮಾತ್ರ ತೆಗೆದುಕೊಡುವಂಥ ಮೀನು. ದಪ್ಪ ನೈಲಾನು ತಡೆಯಿತು. ಅದನ್ನು ದೋಣಿಯ ಬದಿಗೆ ತಂದು, ನೀರಿನಲ್ಲೇ ಹಿಡಿದು, ಗಾಳ ಬಿಡಿಸಿ, ಉಸಿರು ಬರುವವರೆಗೆ ಕಾಯ್ದು ಬಿಟ್ಟೆ. ನೀವು ಓದುವಾಗ ಹಲ್ಲು ಕಡಿಯಬೇಕೆಂದೇ ಇದನ್ನು ಬರೆದಿದ್ದೇನೆ.

ಡಾಕ್ಟರು ಈ ಚಳಿಗಾಲ ಪೂರ್ತಿ ಬರುತ್ತಾರೆ. ಅವರ ಸ್ನೇಹಿತರೂ ಬರುತ್ತಾರೆ, ಕಿವಿಯವರು ಕೂಡ.

ಒಂದು ಕೆಲಸ ಬಾಕಿ ಉಂಟು. ನಾನು ಗಲ್ಲ ಬಿಡುತ್ತೇನೆ ಎಂದು ದಯಾನಂದ ಮಾವನಿಗೆ ಹೇಳಬೇಕು. ನಿನ್ನೆ ಅವರ ಎದುರು ಹೋಗಿ ನಿಂತೆ. ಏನು ಎಂದರು. ಚಿಲ್ಲರೆ ಬೇಕು ಎಂದು ಹೇಳಿ ಬಂದೆ. ಇವತ್ತೂ ಹೋದೆ, ಇವತ್ತೂ ಚಿಲ್ಲರೆ ತಂದೆ. ಗಲ್ಲದಲ್ಲಿ ಈಗ ಚಿಲ್ಲರೆಗೆ ಜಾಗವಿಲ್ಲ. ನನ್ನಿಂದ ಆಗುವುದಿಲ್ಲ. ನೀವು ವಾಶಿಗೆ ಬಂದು ಅವರಿಗೆ ಹೇಳಿ. ಅವರು ಕೂಗಾಡುತ್ತಾರೆ, ನಿಮಗೆ ಹೇಗೂ ಕೇಳುವುದಿಲ್ಲ. ನೀವು ತಿರುಗಿ ಬೈಯಿರಿ. ಮೆಲ್ಲಗೆ ಬೇಡ, ಹೋಟೆಲಿಗೆಲ್ಲ ಕೇಳುವಂತೆ ಬೈಯಿರಿ.

ಆ ಕೆಲಸಕ್ಕೆ ನಿಮ್ಮಷ್ಟು ಒಳ್ಳೆಯವರು ನನಗೆ ಬೇರೆ ಯಾರೂ ಗೊತ್ತಿಲ್ಲ.

ಪ್ರೇಕ್ಷಾ